ಲಕ್ಕಮ್ಮನವರ ಅಳತೆ: ಕಾಯಕಕ್ಕೂ ಮಿತಿಯುಂಟು



ಕಾಯಕವೆಂದರೆ ಕೊನೆಯಿಲ್ಲದ ದುಡಿಮೆ ಎಂಬ ಭಾವನೆ ಅನೇಕರಲ್ಲಿದೆ. ಕಾಯಕನಿರತನು ಗುರುದರ್ಶನವನ್ನೂ ಮರೆಯಬೇಕೆಂದ ಆಯ್ದಕ್ಕಿ ಮಾರಯ್ಯನವರನ್ನೇ ಅದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ಆದರೆ ಅದೇ ಮನೆಯಲ್ಲಿ ಲಕ್ಕಮ್ಮನವರೂ ಇದ್ದರು.

12ನೆಯ ಶತಮಾನದ ಈ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದೇ ಅವರ ಕಾಯಕ. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರೆಂದೂ, ಲಕ್ಕಮ್ಮನವರು ಅದು ಆಸೆಯೆಂದು ತಿಳಿಹೇಳಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದರೆಂದೂ ಪರಂಪರೆ ಹೇಳುತ್ತದೆ. ಕಾಯಕದಲ್ಲಿ ತನ್ಮಯರಾಗುವುದು ಪತಿಯ ಪಾಠ. ಸಾಕೆಂಬಲ್ಲಿ ನಿಲ್ಲುವುದು ಸತಿಯ ಪಾಠ.

ಮಾರಯ್ಯನವರಿಗೆ ಒಡೆಯನಿರಲಿಲ್ಲ, ಆದುದರಿಂದ ಮಿತಿಯನ್ನು ಮನೆಯೇ ಇಟ್ಟಿತು. ಗಿರಣಿಗಳ ಕಾಲಕ್ಕೆ ಅಳತೆಗೋಲು ಒಡೆಯನ ಕೈಸೇರಿತು. ನಮ್ಮ ಹೊಸಹಳ್ಳಿಗೆ ಸಮೀಪದ ಬಿನ್ನಿಪೇಟೆಗೆ ಆ ಹೆಸರು ತಂದ ಗಿರಣಿಯು ಆರಂಭವಾದುದು 1884ರಲ್ಲಿ. ಬ್ರಿಟಿಷ್ ಇಂಡಿಯಾದ ಬಟ್ಟೆ ಗಿರಣಿಗಳಲ್ಲಿ ವಯಸ್ಕ ಪುರುಷರ ದುಡಿಮೆಗೆ ಕಾಯ್ದೆಯ ಮಿತಿ ದೊರೆತುದು 1911ರಲ್ಲಿ. ಅದೂ ದಿನಕ್ಕೆ 12 ಗಂಟೆ! ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳೆಂದು ವಿಧಿಸಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಕರ್ನಾಟಕದ 1961ರ ಕಾಯ್ದೆಯೂ ಅದೇ ಮಿತಿಯನ್ನಿಟ್ಟು, ಮೀರಿದ ದುಡಿಮೆಗೆ ಇಮ್ಮಡಿ ವೇತನವನ್ನು ಗೊತ್ತುಪಡಿಸಿತು. 2025ರ ಜೂನ್‌ನಲ್ಲಿ ದಿನದ ಅವಧಿಯನ್ನು 10 ಗಂಟೆಗೇರಿಸುವ ಪ್ರಸ್ತಾಪ ಬಂದಾಗ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು.

2023ರ ಅಕ್ಟೋಬರಿನಿಂದ ಹೊಸಹಳ್ಳಿ ನಿಲ್ದಾಣದಿಂದ ವೈಟ್‌ಫೀಲ್ಡ್‌ಗೆ ನೇರವಾಗಿ ಮೆಟ್ರೋ ಓಡುತ್ತಿದೆ. ಬೆಳಿಗ್ಗೆ ಹೊರಟ ನಮ್ಮ ಮಕ್ಕಳು ರಾತ್ರಿ ಮರಳಿದ ಮೇಲೂ ಕಚೇರಿಯು ಫೋನಿನಲ್ಲಿ ಅವರನ್ನು ಹಿಂಬಾಲಿಸುತ್ತದೆ. ಇದನ್ನು ಕಾಯಕನಿಷ್ಠೆಯೆಂದು ಹೊಗಳಬಹುದೇ? ಒಪ್ಪಿದ ವೇಳೆಯಲ್ಲಿ ಮೈಗಳ್ಳತನವಿಲ್ಲದೆ, ಕಪಟವಿಲ್ಲದೆ ದುಡಿಯುವುದು ನಿಷ್ಠೆ. ಆ ಬಳಿಕದ ವೇಳೆ ಲಿಂಗಪೂಜೆಗೆ, ಮಡದಿ ಮಕ್ಕಳಿಗೆ, ವೃದ್ಧ ತಂದೆತಾಯಿಗಳಿಗೆ, ದಾಸೋಹಕ್ಕೆ ಸಲ್ಲತಕ್ಕದ್ದು. ಅವರ ಪಾಲನ್ನು ಕಿತ್ತು ಒಡೆಯನಿಗೊಪ್ಪಿಸುವುದು ಯಾವ ಧರ್ಮ?

ಒಬ್ಬರೇ ಮಿತಿ ಹೇಳಿದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಆದುದರಿಂದಲೇ ಕಾಯ್ದೆಯೂ ಸಂಘವೂ ಬೇಕಾದವು. ಆದರೆ ಬಡ್ತಿಯ ಆಸೆಯಿಂದ ನಾವಾಗಿಯೇ ಹೊತ್ತ ಹೊರೆಯನ್ನು ಇಳಿಸಲು ಕಾಯ್ದೆ ಬಾರದು. ಅಲ್ಲಿ ಮನೆಯವರೇ ಲಕ್ಕಮ್ಮನವರಾಗಿ "ಇಷ್ಟು ಸಾಕು" ಎನ್ನಬೇಕು. ಕೇಳುವವರು ಮಾರಯ್ಯನವರಂತೆ ಕೇಳಬೇಕು.