ವಟ್ಟ ಯಾರು ಮುರಕೋತಾರ?

ಯಲಬುರ್ಗಾದ ಒಂದು ಕಿರಾಣಿ ಅಂಗಡಿ ಮುಂದೆ ನಿಂತಿದ್ದೆ. ಹುಡುಗನೊಬ್ಬ ಸ್ಕ್ಯಾನ್ ಮಾಡಿದ. ನಲವತ್ತು ರೂಪಾಯಿ ಬಂತು ಅಂತ ಡಬ್ಬಿ ಕೂಗಿತು. ಕಟ್ಟೆ ಮೇಲೆ ಕೂತಿದ್ದ 88 ವರ್ಷದ ಅಜ್ಜ ನನ್ನ ಕಡೆ ತಿರುಗಿದರು. "ಅಲ್ರೀ ಸಾಹೇಬ್ರ, ಇದಕ್ಕ ವಟ್ಟ ಯಾರು ಮುರಕೋತಾರ?"

ಸ್ಟುಡಿಯೋದಲ್ಲಿ ದೊಡ್ಡ ದೊಡ್ಡ ಆರ್ಥಿಕ ತಜ್ಞರನ್ನು ಕೂರಿಸಿ ಚರ್ಚೆ ಮಾಡಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ವಟ್ಟ ಅಂದರೆ ಒಂದು ರೊಕ್ಕ ಇನ್ನೊಂದು ರೊಕ್ಕವಾಗುವಾಗ ನಡುವಿನವನು ಮುರಿದುಕೊಳ್ಳುವ ಪಾಲು. ಇಂದಿನ ಕೊಪ್ಪಳ ಜಿಲ್ಲೆಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ಸೀಮೆ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ತುಂಗಭದ್ರೆ ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಪ್ರಾಂತ್ಯ. ರೈಲು ಹತ್ತಿ ಪಶ್ಚಿಮಕ್ಕೆ ಹೋದರೆ ಗದಗ, ಅದು ಮುಂಬೈ ಪ್ರಾಂತ್ಯ. ಅತ್ತ ನಡೆಯುತ್ತಿದ್ದದ್ದು ಬ್ರಿಟಿಷರ ಕಲ್ದಾರ ರೂಪಾಯಿ. ಇತ್ತ ನಿಜಾಮರ ಹಾಲಿ ಸಿಕ್ಕಾ, ಚಾರ್‌ಮಿನಾರ್ ಚಿತ್ರದ ನಾಣ್ಯ. 7 ಹಾಲಿ ಸಿಕ್ಕಾಕ್ಕೆ 6 ಕಲ್ದಾರ. 100 ಕಲ್ದಾರ ಬೇಕಾದರೆ 116 ರೂಪಾಯಿ 10 ಆಣೆ 8 ಪೈ ಎಣಿಸಬೇಕು! ಈ ಲೆಕ್ಕ ಬಾಯಲ್ಲಿ ಮಾಡಬಲ್ಲ ರೈತ ಎಷ್ಟು ಮಂದಿ ಇದ್ದರು?

"ನಮ್ಮಪ್ಪ ಗದಗಿಗೆ ಶೇಂಗಾ ಹಾಕಾಕ ಹೋದ್ರ ಕಲ್ದಾರ ತರ್ತಿದ್ದ. ಪಟ್ಟಿ ಕಟ್ಟೋದು ಮಾತ್ರ ಹಾಲಿ ಸಿಕ್ಕಾದಾಗ. ನಡುವ ಸಾವಕಾರ ಹೇಳಿದ್ದ ಲೆಕ್ಕ" ಅಂದರು ಅಜ್ಜ.

ನಿಜಾಮ ಸರ್ಕಾರಕ್ಕೆ ಕಾಯ್ದೆ ಇರಲಿಲ್ಲ ಅಂತಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1918ರಲ್ಲಿ, ಕಾಯ್ದೆ ಮಾಡಿಯೇ ನೋಟು ತಂದರು. ಉರ್ದು, ಇಂಗ್ಲಿಷ್, ತೆಲುಗು, ಮರಾಠಿ ಜೊತೆ ಆ ನೋಟಿನ ಮೇಲೆ ಕನ್ನಡವೂ ಇತ್ತು ಸ್ವಾಮಿ! 1941ರ ಕಾಯ್ದೆಯಿಂದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು, ಸಿಕ್ಕಾದ ಉಸ್ತುವಾರಿ ಅದಕ್ಕೆ. ಆದರೆ ಸಂತೆಯ ಕಟ್ಟೆ ಮೇಲೆ ವಟ್ಟ ಮುರಿಯುವವನನ್ನು ಆ ಬ್ಯಾಂಕು ಎಲ್ಲಿ ಹಿಡಿಯಬೇಕು?

ಆಮೇಲೆ ಬಂತು ನೋಡಿ ನಿಜವಾದ ಹೊಡೆತ. 1947ರ ನವೆಂಬರ್ 29ರಂದು ಭಾರತದ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ ನಿಜಾಮ ಸರ್ಕಾರ, ಅದರ ಬೆನ್ನಿಗೇ ಒಂದು ಸುಗ್ರೀವಾಜ್ಞೆ ತಂದು ಸಂಸ್ಥಾನದೊಳಗೆ ಭಾರತದ ರೂಪಾಯಿಗೆ ಮಾನ್ಯತೆ ಇಲ್ಲ ಎಂದಿತು. ದೆಹಲಿ ಸಿಟ್ಟಾಯಿತು, ಪತ್ರ ವ್ಯವಹಾರ ನಡೆಯಿತು. ಇತಿಹಾಸದ ಪುಸ್ತಕದಲ್ಲಿ ಅದು ಎರಡು ಸಾಲು. ಹೊಸಪೇಟೆಗೆ ಭತ್ತ ಕೊಟ್ಟು ಹೊಳೆ ದಾಟಿ ಬಂದವನ ಸೊಂಟದ ಚೀಲದಲ್ಲಿದ್ದದ್ದು ಅದೇ ರೂಪಾಯಿ. ರಾತ್ರೋರಾತ್ರಿ ಅದು ಚಲಾವಣೆಯಿಲ್ಲದ ರೊಕ್ಕ. ಆಗ ವಟ್ಟದ ದರ ಯಾರು ಹೇಳುತ್ತಾರೆ? ಕದ್ದು ಕೊಳ್ಳುವವನು ಹೇಳಿದ್ದೇ ದರ.

1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ಐದೇ ದಿನದಲ್ಲಿ ಮುಗಿಯಿತು. ರೊಕ್ಕದ ಏಕೀಕರಣ ಹಾಗೆ ಮುಗಿಯಲಿಲ್ಲ. ಕೆಲವು ವರ್ಷ ಎರಡೂ ರೂಪಾಯಿ ಒಟ್ಟಿಗೆ ನಡೆದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಸಿಕ್ಕಾ ಮರೆತು ಆಣೆ ರೂಢಿ ಮಾಡಿಕೊಳ್ಳುವಷ್ಟರಲ್ಲಿ 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು. ಹತ್ತು ವರ್ಷದಲ್ಲಿ ಮೂರು ಗಣಿತ!

ಈಗ ಅಜ್ಜನ ಪ್ರಶ್ನೆಗೆ ಬರೋಣ.

2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಯಾರೂ ಪಾವತಿ ವ್ಯವಸ್ಥೆ ನಡೆಸುವಂತಿಲ್ಲ. ಅಂಗಡಿಯವರ ಪರವಾಗಿ ಹಣ ಸಂಗ್ರಹಿಸಿ ಕೊಡುವ ಕಂಪನಿಗಳಿಗೆ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಬಂತು: ಅರ್ಜಿ ಹಾಕುವಾಗ 15 ಕೋಟಿ ನಿವ್ವಳ ಆಸ್ತಿ, ಮುಂದೆ 25 ಕೋಟಿ, ಜನರ ದುಡ್ಡು ಕಂಪನಿಯ ದುಡ್ಡಿನೊಂದಿಗೆ ಬೆರೆಯಬಾರದು, ಬ್ಯಾಂಕಿನ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇರಬೇಕು. ಹಳೇ ಸಾವಕಾರನ ಗಲ್ಲೆಪೆಟ್ಟಿಗೆಗೆ ಈ ನಿಯಮ ಇದ್ದಿದ್ದರೆ!

ವಟ್ಟದ ವಿಷಯಕ್ಕೆ ಇದೇ ಕಾಯ್ದೆಗೆ 10ಎ ಎಂಬ ಕಲಂ ಸೇರಿಸಿದರು. ಅದರಂತೆ 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ಕೊಡುವವನಿಂದಲೂ ಪಡೆಯುವವನಿಂದಲೂ ಶುಲ್ಕ ಕೀಳುವಂತಿಲ್ಲ. ಹಾಗಾದರೆ ಖರ್ಚು? 2024-25ಕ್ಕೆ ಕೇಂದ್ರ ಸಂಪುಟ ಸುಮಾರು 1,500 ಕೋಟಿ ಪ್ರೋತ್ಸಾಹಧನ ಒಪ್ಪಿತು. ಸಣ್ಣ ವ್ಯಾಪಾರಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗೆ ಶೇ 0.15. ಅಂದರೆ ಸಾವಿರಕ್ಕೆ ಒಂದೂವರೆ ರೂಪಾಯಿ. ಇದು ಸಾಲದು, ಶುಲ್ಕ ಬೇಕು ಅಂತ ಕಂಪನಿಗಳು ಕೇಳುತ್ತಲೇ ಇವೆ. ಅವರ ಕಷ್ಟ ಸುಳ್ಳು ಅಂತ ನಾನು ಹೇಳೋದಿಲ್ಲ, ಸರ್ವರ್ ಗಾಳಿಯಲ್ಲಿ ಓಡೋದಿಲ್ಲ. ಆದರೆ ಶುಲ್ಕ ತರುವುದಾದರೆ ದರವನ್ನು ಕನ್ನಡದಲ್ಲಿ, ಅಂಗಡಿ ಗೋಡೆ ಮೇಲೆ, ಮೊದಲೇ ಬರೆದು ಹಾಕಿ. 2025ರ ಜುಲೈನಲ್ಲಿ ಏನಾಯಿತು? ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿನ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಎಷ್ಟೋ ಜನರಿಗೆ ಗೊತ್ತಾದದ್ದೇ ಆ ನೋಟಿಸಿನಿಂದ. ಮರುದಿನ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು 'ನಗದು ಮಾತ್ರ' ಅಂತ ಬರೆದರು.

ಅಜ್ಜನಿಗೆ ಹೇಳಿದೆ, "ಕಾಯ್ದೆ ಪ್ರಕಾರ ಇದಕ್ಕೆ ವಟ್ಟ ಇಲ್ಲ ಅಜ್ಜಾರ."

ಅವರು ಅಂಗಡಿಯವನನ್ನು ಕೇಳಿದರು. "ಆ ಡಬ್ಬಿ ಪುಕಟ್ ಕೊಟ್ಟಾರೇನಲೇ?"

"ಇಲ್ಲ ಮುತ್ಯಾ, ತಿಂಗಳಾ ಬಾಡಿಗಿ ಕಟ್ಟತೇನಿ."

ಅಜ್ಜ ನನ್ನನ್ನೇ ನೋಡುತ್ತಾ ಎಲೆಗೆ ಸುಣ್ಣ ಹಚ್ಚಿಕೊಂಡರು.