ಪದಪರಿಚಯ: ನೆಮ್ಮದಿ

ನೆಮ್ಮದಿ (ನಾಮಪದ): ಮನಸ್ಸಿನ ಸಮಾಧಾನ, ಚಿಂತೆಯಿಲ್ಲದ ಸ್ಥಿತಿ, ನಿರಾಳ. ‘ನೆಮ್ಮದಿಯಾಗಿ’, ‘ನೆಮ್ಮದಿಯಿಂದ’ ಎಂಬ ಕ್ರಿಯಾವಿಶೇಷಣ ರೂಪಗಳೂ ಬಳಕೆಯಲ್ಲಿವೆ.

ಹಾಯಾಗಿರುವುದನ್ನು ಸೂಚಿಸಲು ಕನ್ನಡದಲ್ಲಿ ಹಲವು ಪದಗಳಿವೆ. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ನೀರು, ದೀಪ, ವಾಹನಗಳಿಂದ ಒದಗುವುದು ‘ಸೌಕರ್ಯ’. ದೇಹಕ್ಕೋ ಮನಸ್ಸಿಗೋ ಒಗ್ಗುವುದು ‘ಹಿತ’. ಚಳಿಗಾಲದ ಎಳೆಬಿಸಿಲು ಹಿತ. ‘ನೆಮ್ಮದಿ’ಯಾದರೋ ಒಳಗಿನದು. ಸಕಲ ಸೌಕರ್ಯಗಳಿರುವ ಮನೆಯಲ್ಲಿಯೂ ಅದು ಇಲ್ಲದಿರಬಹುದು.

ಹಳಗನ್ನಡದ ‘ನೆಮ್ಮು’ ಎಂಬ ಕ್ರಿಯಾಪದಕ್ಕೆ ಒರಗು, ಆತುಕೊ, ಆಶ್ರಯಿಸು ಎಂಬ ಅರ್ಥಗಳಿವೆ. ಅದನ್ನು ನೆಮ್ಮದಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಪದದ ಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ: ಬೆನ್ನಿಗೊಂದು ಆಸರೆಯಿದೆಯೆಂಬ ಭರವಸೆಯಿಂದ ಮನಸ್ಸು ವಿಶ್ರಮಿಸುವುದು.

ನೆರೆಯ ಭಾಷೆಗಳಲ್ಲಿಯೂ ಈ ಪದವುಂಟು. ತಮಿಳಿನ ‘ನಿಮ್ಮದಿ’ ಬಹುಮಟ್ಟಿಗೆ ನಮ್ಮ ಅರ್ಥವನ್ನೇ ಕೊಡುತ್ತದೆ. ತೆಲುಗಿನ ‘ನೆಮ್ಮದಿಗಾ’ ಎಂಬುದಕ್ಕೆ ನಿಧಾನವಾಗಿ, ಮೆಲ್ಲಗೆ ಎಂದರ್ಥ. ಹೈದರಾಬಾದಿನಲ್ಲಿ ‘ನೆಮ್ಮದಿಗಾ ನಡುವು’ ಎಂದವರು ಹೇಳುವುದು ಅವಸರಿಸಬೇಡ ಎಂದಷ್ಟೆ.

ಆಡಳಿತವೂ ಈ ಪದವನ್ನು ಬಳಸಿಕೊಂಡಿದೆ. ಪಹಣಿ, ಪ್ರಮಾಣಪತ್ರಗಳಿಗಾಗಿ ಹಳ್ಳಿಗರು ಅಲೆಯುವುದನ್ನು ತಪ್ಪಿಸಲು ಕರ್ನಾಟಕ ಸರ್ಕಾರ ಹೋಬಳಿ ಮಟ್ಟದಲ್ಲಿ ತೆರೆದ ಕೇಂದ್ರಗಳಿಗೆ ‘ನೆಮ್ಮದಿ’ ಎಂಬ ಹೆಸರಿತ್ತು. 2012ರಲ್ಲಿ ಅವುಗಳ ಸ್ಥಾನಕ್ಕೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು.

ಬಳಕೆ: ನೆಮ್ಮದಿ ಸಿಗುತ್ತದೆ, ಕೆಡುತ್ತದೆ, ಅದನ್ನು ಕಾಣುತ್ತೇವೆ, ಕಳೆದುಕೊಳ್ಳುತ್ತೇವೆ. ಮಗಳು ಮನೆ ಸೇರಿದಳೆಂದು ತಿಳಿದಾಗ ಬಿಡುವುದು ನೆಮ್ಮದಿಯ ಉಸಿರು. ಸಾಲ ತೀರಿದ ರಾತ್ರಿ ಬರುವುದು ನೆಮ್ಮದಿಯ ನಿದ್ದೆ.

ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಇಂದು ಹೆಚ್ಚಾಗಿ ಕೇಳಿಬರುವುದು ‘ಆರಾಮ’. ಮರಾಠಿ, ಹಿಂದಿಗಳಲ್ಲಿಯೂ ಇರುವುದರಿಂದ ಇದು ಸಹಜವೇ. ಉತ್ತರ ಕರ್ನಾಟಕದಲ್ಲಂತೂ ‘ಆರಾಮ ಅದೀರೇನ್ರಿ?’ ಎಂಬುದು ಆತ್ಮೀಯ ಕುಶಲಪ್ರಶ್ನೆ. ಆದರೆ ‘ಆರಾಮಿಲ್ಲ’ ಎಂದರೆ ಅಲ್ಲಿ ಮೈ ಸರಿಯಿಲ್ಲ ಎಂದರ್ಥ. ‘ನೆಮ್ಮದಿಯಿಲ್ಲ’ ಎಂದರೆ ಮನಸ್ಸು ಸರಿಯಿಲ್ಲ ಎಂದು. ಊರಿನಿಂದ ದೂರವಾಣಿಯಲ್ಲಿ ಅಜ್ಜಿ ‘ನೆಮ್ಮದಿಯಾಗಿದ್ದೀಯಾ ಮಗೂ?’ ಎಂದು ಕೇಳಿದಾಗ ಮೊಮ್ಮಗ ‘ಆರಾಮಾಗಿದ್ದೀನಿ’ ಎಂದರೆ, ಅವರು ಕೇಳಿದ್ದು ಒಂದು, ಅವನು ಹೇಳಿದ್ದು ಇನ್ನೊಂದು. ಆ ಪ್ರಶ್ನೆ ಮಕ್ಕಳಿಗೆ ಅರ್ಥವಾಗಬೇಕಾದರೆ ನಾವು ಮನೆಯಲ್ಲಿ ಎರಡೂ ಪದಗಳನ್ನು ಆಡುತ್ತಿರಬೇಕು.