ಬಂಗಲೆಯ ಜಗಲಿ ಬಿಟ್ಟು ಊರ ನಡುವಿನ ಡೇರೆಗೆ

ನ್ಯೂಗಿನಿ ಭೂಭಾಗದ ಪೂರ್ವ ತುದಿಯಾಚೆ ಸಮುದ್ರದಲ್ಲಿ ಟ್ರೋಬ್ರಿಯಂಡ್ ಎಂಬ ಹವಳ ದ್ವೀಪಗಳ ಪುಟ್ಟ ಗುಂಪೊಂದಿದೆ. ಅವುಗಳಲ್ಲಿ ದೊಡ್ಡದು ಕಿರಿವಿನ. ಭೂಪಟದಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದ ಈ ನೆಲದ ಹೆಸರು ಮಾನವಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಗೂ ಗೊತ್ತು. ಅದಕ್ಕೆ ಕಾರಣ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ಪೋಲಿಷ್ ವಿದ್ವಾಂಸ. ಒಂದು ಜನಾಂಗದ ಬದುಕನ್ನು ಹೊರಗಿನವನೊಬ್ಬ ಎಷ್ಟರ ಮಟ್ಟಿಗೆ ಅರಿಯಬಲ್ಲ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇಂದಿಗೂ ಈತನ ದ್ವೀಪವಾಸದ ದಿನಗಳತ್ತ ನೋಡುವುದು ವಾಡಿಕೆ.

ಈತ ಹುಟ್ಟಿದ್ದು 1884ರಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಕ್ರಾಕೋ ನಗರದಲ್ಲಿ. ಲಂಡನ್ನಿನಲ್ಲಿ ಓದುತ್ತಿದ್ದ ಈತ 1914ರಲ್ಲಿ ವಿಜ್ಞಾನ ಸಮ್ಮೇಳನವೊಂದಕ್ಕೆ ಆಸ್ಟ್ರೇಲಿಯಾಕ್ಕೆ ಬಂದಾಗಲೇ ಮೊದಲ ಮಹಾಯುದ್ಧ ಆರಂಭವಾಯಿತು. ಆಸ್ಟ್ರಿಯಾದ ಪ್ರಜೆಯಾದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆತ ಶತ್ರುದೇಶದವ. ಆದರೂ ಆಸ್ಟ್ರೇಲಿಯಾ ಸರ್ಕಾರ ತನ್ನ ಆಡಳಿತದಲ್ಲಿದ್ದ ಪಪುವಾದಲ್ಲಿ ಸಂಶೋಧನೆ ನಡೆಸಲು ಅನುಮತಿ ಕೊಟ್ಟಿತಲ್ಲದೆ ಹಣದ ನೆರವನ್ನೂ ನೀಡಿತು. 1915-16ರಲ್ಲಿ ಒಮ್ಮೆ, 1917-18ರಲ್ಲಿ ಮತ್ತೊಮ್ಮೆ, ಹೀಗೆ ಒಟ್ಟು ಸುಮಾರು ಎರಡು ವರ್ಷ ಆತ ಟ್ರೋಬ್ರಿಯಂಡ್ ದ್ವೀಪಗಳಲ್ಲಿದ್ದ.

ಅದುವರೆಗೆ ಇಂಥ ಸಂಶೋಧನೆಯ ಸಾಮಾನ್ಯ ಕ್ರಮವೇ ಬೇರೆ. ಸಂಶೋಧಕರು ಸರ್ಕಾರಿ ಬಂಗಲೆಯಲ್ಲೋ ಮಿಷನರಿಯ ಮನೆಯಲ್ಲೋ ಇಳಿದುಕೊಂಡು, ಹಳ್ಳಿಯ ಹಿರಿಯರನ್ನು ಜಗಲಿಗೆ ಕರೆಸಿ, ದುಭಾಷಿಯ ಮೂಲಕ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತಿದ್ದರು. ಮಾಲಿನೋವ್‌ಸ್ಕಿ ಒಮರಕಾನ ಎಂಬ ಹಳ್ಳಿಯಲ್ಲಿ, ದ್ವೀಪದ ಮುಖ್ಯ ನಾಯಕ ಟೊಉಲುವಾನ ಮನೆಯ ಬಳಿಯಲ್ಲೇ ಡೇರೆ ಹಾಕಿದ. ದುಭಾಷಿಯನ್ನು ನೆಚ್ಚದೆ ಅಲ್ಲಿನ ಭಾಷೆಯನ್ನೇ ಕಲಿತ.

ಡೇರೆಯ ದಿನಚರಿ

ಬೆಳಿಗ್ಗೆ ಎದ್ದು ಊರೊಳಗೆ ಒಂದು ಸುತ್ತು ಹಾಕುವುದು ಆತನ ಮೊದಲ ಕೆಲಸ. ಒಲೆ ಹೊತ್ತಿಸುವವರು, ಮಕ್ಕಳಿಗೆ ಸ್ನಾನ ಮಾಡಿಸುವವರು, ಗೆಣಸಿನ ತೋಟಕ್ಕೆ ಹೊರಟವರು, ಜಗಳವಾಡುವ ಗಂಡಹೆಂಡಿರು, ಎಲ್ಲರೂ ಕಣ್ಣಿಗೆ ಬೀಳುತ್ತಿದ್ದರು. ಮೊದಮೊದಲು ಜನ ಕುತೂಹಲದಿಂದ ಸುತ್ತುಗಟ್ಟುತ್ತಿದ್ದರು. ಆಮೇಲೆ ಎಲ್ಲದರಲ್ಲೂ ಮೂಗು ತೂರಿಸುವ, ಆದರೆ ಕೇಳಿದರೆ ಹೊಗೆಸೊಪ್ಪು ಕೊಡುವ ಮನುಷ್ಯ ಎಂದು ಸಹಿಸಿಕೊಂಡರು. ಆತ ನಡತೆಯಲ್ಲಿ ತಪ್ಪಿದಾಗ ಸಲಿಗೆ ಇದ್ದವರು ಅಲ್ಲಿಯೇ ತಿದ್ದುತ್ತಿದ್ದರು. ಊರಿನ ರೀತಿನೀತಿ ಆತನಿಗೆ ತಿಳಿದದ್ದು ಬಹುಮಟ್ಟಿಗೆ ಹೀಗೆಯೇ.

ಇದರ ಫಲ ಸಣ್ಣದಲ್ಲ. ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಯಾರೂ ಮಂತ್ರ ಹೇಳುವುದಿಲ್ಲ, ಅಪಾಯದ ತೆರೆದ ಸಮುದ್ರಕ್ಕೆ ಹೋಗುವಾಗ ಮಾತ್ರ ಹೇಳುತ್ತಾರೆ ಎಂಬುದನ್ನು ಆತ ಗುರುತಿಸಿದ. ಅನಿಶ್ಚಯ ಇದ್ದಲ್ಲಿ ಮಂತ್ರವೂ ಇರುತ್ತದೆ ಎಂಬ ಆತನ ವಾದದ ಬುಡ ಇದು. ಇನ್ನೊಂದು ‘ಕುಲಾ’ ಎಂಬ ವಿನಿಮಯ. ದೂರ ದೂರದ ದ್ವೀಪಗಳ ನಡುವೆ ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೂ ಚಿಪ್ಪಿನ ತೋಳಬಳೆಗಳು ಅದಕ್ಕೆ ಎದುರು ದಿಕ್ಕಿನಲ್ಲಿಯೂ ಸುತ್ತುತ್ತಿದ್ದವು. ಯಾರೂ ಅವನ್ನು ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಕೊಟ್ಟು ತೆಗೆದುಕೊಂಡವರಿಗೆ ಸಿಗುತ್ತಿದ್ದುದು ಹೆಸರು ಮತ್ತು ಸ್ನೇಹ. ಅವರಲ್ಲಿ ಪ್ರತಿಯೊಬ್ಬನಿಗೂ ತನ್ನ ಪಾಲುದಾರರು ಗೊತ್ತೇ ಹೊರತು ಇಡೀ ವರ್ತುಲದ ಚಿತ್ರ ಗೊತ್ತಿರಲಿಲ್ಲ. ಜಗಲಿಗೆ ಕರೆಸಿ ಒಬ್ಬರನ್ನು ಕೇಳಿದ್ದರೆ ಅದು ಸಿಗುತ್ತಲೂ ಇರಲಿಲ್ಲ. ತುಂಡುತುಂಡಾಗಿ ಕಂಡದ್ದನ್ನು ಜೋಡಿಸಿ ಆತ 1922ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಜನರ ನಡುವೆ ಬಾಳುತ್ತ ಅಧ್ಯಯನ ಮಾಡುವ ಕ್ಷೇತ್ರಕಾರ್ಯಕ್ಕೆ ಈ ಗ್ರಂಥ ಮಾದರಿಯಾಯಿತು.

ಡೈರಿ ಹೊರಬಿದ್ದಾಗ

ಮಾಲಿನೋವ್‌ಸ್ಕಿ 1942ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಪೋಲಿಷ್ ಭಾಷೆಯಲ್ಲಿ ಬರೆದಿಟ್ಟಿದ್ದ ಆತನ ಖಾಸಗಿ ಡೈರಿಯನ್ನು 1967ರಲ್ಲಿ ಪತ್ನಿ ವ್ಯಾಲೆಟ್ಟಾ ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ವಿದ್ವತ್‌ಲೋಕ ಬೆಚ್ಚಿತು. ಗ್ರಂಥದಲ್ಲಿ ಕಾಣುವ ತಾಳ್ಮೆಯ ಮನುಷ್ಯ ಅಲ್ಲಿರಲಿಲ್ಲ. ಜ್ವರದ ಭಯ, ಕ್ವಿನೈನ್ ಮತ್ತು ಆರ್ಸೆನಿಕ್ ಔಷಧಿಗಳು, ಕೆಲಸ ಬಿಟ್ಟು ಕಾದಂಬರಿ ಓದಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವುದು, ಮುಂದೆ ತನ್ನ ಮಡದಿಯಾಗಲಿದ್ದ ಎಲ್ಸಿ ಮ್ಯಾಸನ್‌ಳ ಪತ್ರಕ್ಕಾಗಿ ಹಂಬಲ, ಬೇಸರವಾದಾಗ ಬಿಳಿಯ ಮುತ್ತಿನ ವ್ಯಾಪಾರಿಯ ಮನೆಗೆ ಹೋಗುವುದು, ಎಲ್ಲವೂ ಅಲ್ಲಿತ್ತು. ದ್ವೀಪದ ಜನರ ಮೇಲೆ ಸಿಟ್ಟು, ತಿರಸ್ಕಾರದ ಮಾತುಗಳೂ ಇದ್ದವು. 1918ರ ಜನವರಿಯಲ್ಲಿ ಪೋಲೆಂಡಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಆತನಿಗೆ ತಲುಪಿದ್ದು ಜೂನ್‌ನಲ್ಲಿ. ಡೈರಿಯ ಕೊನೆಯ ಪುಟಗಳ ತುಂಬ ಆ ದುಃಖವೇ ಇದೆ.

ಹಾಗಾದರೆ ಗ್ರಂಥ ಸುಳ್ಳೇ? ಹಾಗೆನ್ನಲಾಗದು. ಒಂದು ಜನರನ್ನು ಅರಿಯಲು ಅವರ ಮೇಲೆ ಅಕ್ಕರೆಯಷ್ಟೇ ಇದ್ದರೆ ಸಾಲದು, ದಿನವೂ ಕಣ್ಣುತೆರೆದು ನೋಡುವ ಶ್ರಮ ಬೇಕು. ಆ ಶ್ರಮವನ್ನು ಆತ ಪಟ್ಟಿದ್ದ. ಆದರೆ ನೋಡುವವನ ಮನಸ್ಸಿನ ಏರಿಳಿತ ಬರಹದಿಂದ ಪೂರ್ತಿ ಮಾಯವಾಗಿದೆ ಎಂದು ನಂಬುವುದು ಆಮೇಲೆ ಯಾರಿಗೂ ಸಾಧ್ಯವಾಗಲಿಲ್ಲ.

ಆತನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ನಾಟದೆ ಹೋದದ್ದೂ ಉಂಟು. ಟ್ರೋಬ್ರಿಯಂಡ್ ಸಮಾಜದಲ್ಲಿ ವಂಶ ಸಾಗುವುದು, ನಮ್ಮ ಕರಾವಳಿಯ ಅಳಿಯಸಂತಾನದಲ್ಲಿದ್ದಂತೆ, ತಾಯಿಯ ಕಡೆಯಿಂದ. ಗಂಡಸು ತಾನು ಬೆಳೆದ ಒಳ್ಳೆಯ ಗೆಣಸನ್ನು ಸೋದರಿಯ ಮನೆಗೆ ಕೊಡುತ್ತಾನೆ ಎಂಬುದನ್ನು ಮಾಲಿನೋವ್‌ಸ್ಕಿ ವಿವರವಾಗಿ ಬರೆದ. ಆದರೆ 1971ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಆ್ಯನೆಟ್ ವೀನರ್ ಒಮರಕಾನದ ಸಮೀಪದ ಹಳ್ಳಿಯೊಂದಕ್ಕೆ ಬಂದ ಮೊದಲ ದಿನವೇ ಕಂಡದ್ದು ಬೇರೆ. ಸಾವಿನ ನಂತರದ ವಿಧಿಯಲ್ಲಿ ಹೆಂಗಸರು ಒಣ ಬಾಳೆಎಲೆಯ ಕಟ್ಟುಗಳನ್ನು ರಾಶಿರಾಶಿಯಾಗಿ ಹಂಚುತ್ತಿದ್ದರು. ಅದು ಬರಿಯ ಎಲೆಯಲ್ಲ, ಹೆಂಗಸರ ಸಂಪತ್ತು. ಕುಲದ ಮಾನ ನಿಂತಿರುವುದು ಅದರ ಮೇಲೆ ಎಂದು ಆಕೆ 1976ರ ಪುಸ್ತಕದಲ್ಲಿ ತೋರಿಸಿಕೊಟ್ಟರು. ಎರಡು ವರ್ಷ ಊರ ನಡುವೆಯೇ ಇದ್ದವನು ಇದರ ಮಹತ್ವವನ್ನು ಗ್ರಹಿಸಿರಲಿಲ್ಲ.

ಈ ಪರಂಪರೆಯ ಕೊಂಡಿ ಕರ್ನಾಟಕಕ್ಕೂ ಇದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಓದಿದಾಗ ಅವರಿಗೆ ಮಾರ್ಗದರ್ಶನ ಮಾಡಿದವರಲ್ಲಿ ಇವಾನ್ಸ್ ಪ್ರಿಚರ್ಡ್ ಒಬ್ಬರು. ಆತ ಮಾಲಿನೋವ್‌ಸ್ಕಿಯ ಶಿಷ್ಯ. 1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅದನ್ನು ‘ರಾಂಪುರ’ ಎಂದು ಕರೆದು ಬರೆದರು. ಅವರದು ಗುರುಗಳಂತೆ ದೂರದ ದ್ವೀಪವಲ್ಲ, ಸ್ವಂತ ಭಾಷೆಯ ನೆಲ. ಆದರೂ ಪಟ್ಟಣದಿಂದ ಬಂದ ಬ್ರಾಹ್ಮಣ ಎಂಬ ಸ್ಥಾನ ಹಳ್ಳಿಯ ಎಲ್ಲ ಮನೆಗಳ ಬಾಗಿಲನ್ನೂ ತಮಗೆ ಸಮನಾಗಿ ತೆರೆಯಲಿಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ.

ಪಪುವಾ ನ್ಯೂಗಿನಿ 1975ರಲ್ಲಿ ಸ್ವತಂತ್ರವಾಯಿತು. ಮಾಲಿನೋವ್‌ಸ್ಕಿ ತೆಗೆದ ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳು ಈಗ ಲಂಡನ್ನಿನ ಸಂಗ್ರಹದಲ್ಲಿವೆ. ಊರ ನಡುವೆ ಡೇರೆ ಹಾಕಬೇಕೆಂಬ ಆತನ ಪಾಠ ಇಂದಿಗೂ ಹಳತಾಗಿಲ್ಲ. ಯಾರ ಮನೆಯ ಮುಂದೆ ಹಾಕಿದೆವು, ಅಲ್ಲಿಂದ ಯಾರ ಅಂಗಳ ಕಾಣಲಿಲ್ಲ ಎಂದು ಕೇಳಿಕೊಳ್ಳಬೇಕೆಂಬುದನ್ನು ಅವನ ನಂತರದವರು ಆ ಪಾಠಕ್ಕೆ ಸೇರಿಸಿದ್ದಾರೆ.